ಫೋಟೊ ಆಮೇಲೆ, ಮೊದಲು ನೆಗೆಟಿವ್ ತೋರಿಸಿ

ಫಿಲಂ ಕ್ಯಾಮೆರಾದಲ್ಲಿ ತೆಗೆದ ಫೋಟೊ ಯಾರಾದರೂ ತೋರಿಸಿದರೆ ನಾನು ಮೊದಲು ಕೇಳುವುದು ಒಂದೇ. ನೆಗೆಟಿವ್ ಎಲ್ಲಿದೆ? ಇದರಿಂದ ಕೆಲವರಿಗೆ ಬೇಸರ ಆಗುತ್ತದೆ, ಗೊತ್ತು. ಆಸೆಯಿಂದ ರೀಲು ಹಾಕಿ, ಮುಗಿಸಿ, ಬೆಂಗಳೂರಿಗೆ ಕೊರಿಯರ್ ಮಾಡಿ, ದಿನಗಟ್ಟಲೆ ಕಾದು, ಕೊನೆಗೆ ಸ್ಕ್ಯಾನ್ ಬಂದ ಖುಷಿಯಲ್ಲಿ ಮೊಬೈಲ್ ಮುಂದೆ ಹಿಡಿದಿರುತ್ತಾರೆ. ಆದರೂ ಕೇಳುತ್ತೇನೆ.

ಚಿತ್ರದುರ್ಗ, ದಾವಣಗೆರೆ ಕಡೆಯ ಒಂದಷ್ಟು ಜನ ಸೇರುತ್ತೇವೆ. ಗುಂಪಿಗೆ ಹೆಸರಿಲ್ಲ, ಅಧ್ಯಕ್ಷರೂ ಇಲ್ಲ. ಬಿಡುವಿದ್ದ ಭಾನುವಾರ ಬಿಸಿಲೇರುವ ಮೊದಲೇ ಕೋಟೆ ಹತ್ತುತ್ತೇವೆ, ಇಲ್ಲವೇ ಚಂದ್ರವಳ್ಳಿಗೆ ಹೋಗುತ್ತೇವೆ. ದಾವಣಗೆರೆಯಲ್ಲಿ ಸೇರಿದರೆ ಕುಂದುವಾಡ ಕೆರೆ, ಆಮೇಲೆ ಬೆಣ್ಣೆ ದೋಸೆ. ಒಬ್ಬರ ಕೈಯಲ್ಲಿ ಅಪ್ಪನ ಕಾಲದ ಯಾಶಿಕಾ ಎಲೆಕ್ಟ್ರೊ 35 ಇರುತ್ತದೆ, ಇನ್ನೊಬ್ಬರ ಕೈಯಲ್ಲಿ ಪೆಂಟಾಕ್ಸ್ ಕೆ1000. ಚಳ್ಳಕೆರೆಯಿಂದ ಬರುವ ಮೇಷ್ಟ್ರ ಹತ್ತಿರ ಅಗ್ಫಾ ಕ್ಲಿಕ್ 3 ಇದೆ. 120 ಅನ್ನುವ ಅಗಲದ ರೀಲಿನಲ್ಲಿ ಚೌಕನೆಯ 12 ಫೋಟೊ, ಅಷ್ಟೇ.

ಎಲ್ಲರೂ ಫೋಟೊ ತೋರಿಸಿಕೊಂಡಾಗ ಮಾತು ಎರಡೇ ಕಡೆ ಹೋಗುತ್ತಿತ್ತು. ಒಂದು, 'ಸೂಪರ್, ಫಿಲಂ ಅಂದ್ರೆ ಫಿಲಂ'. ಇನ್ನೊಂದು, ಕ್ಯಾಮೆರಾ ಬಗ್ಗೆ. ಎಲೆಕ್ಟ್ರೊ 35ಕ್ಕೆ ಹಳೆಯ 5.6 ವೋಲ್ಟ್ ಮರ್ಕ್ಯುರಿ ಬ್ಯಾಟರಿ ಈಗ ಸಿಗಲ್ಲ, 6 ವೋಲ್ಟ್‌ದು ಹಾಕಿದರೆ ನಡೆಯುತ್ತಾ? ನಡೆಯುತ್ತದೆ, ಒಂದು ಅಡಾಪ್ಟರ್ ಬೇಕು. ವೈಂಡ್ ಮಾಡುವಾಗ ಟಕ್ ಅಂತ ಸದ್ದು ಬರದಿದ್ದರೆ ಒಳಗಿನ ಸಣ್ಣ ರಬ್ಬರ್ ಪ್ಯಾಡ್ ಹೋಗಿರಬಹುದು. ಹಿಂಬಾಗಿಲ ಸಂದಿಯ ಫೋಮ್ ಅಂಟಂಟಾಗಿದ್ದರೆ ಬದಲಿಸಿ, ಇಲ್ಲದಿದ್ದರೆ ಬೆಳಕು ನುಗ್ಗುತ್ತದೆ. ಇವೆಲ್ಲ ಬೇಕಾದ ಮಾತುಗಳೇ. ಆದರೆ ಇಷ್ಟಕ್ಕೇ ನಿಂತರೆ ಮುಂದಿನ ರೀಲು ಹಿಂದಿನದಕ್ಕಿಂತ ಚೆನ್ನಾಗಿ ಬರುವುದು ಹೇಗೆ?

ಲ್ಯಾಬ್‌ನಿಂದ ಬರುವ ಸ್ಕ್ಯಾನ್ ನಿಮ್ಮ ಫೋಟೊದ ಒಂದು ರೂಪ ಮಾತ್ರ. ಅಲ್ಲಿನ ಯಂತ್ರ ಪ್ರತಿ ಫ್ರೇಮನ್ನೂ ತಾನೇ ಅಳೆದು ಬೆಳಕು, ಬಣ್ಣ, ಕಾಂಟ್ರಾಸ್ಟ್ ಸರಿಮಾಡುತ್ತದೆ. ಬೆಳಕು ಕಡಿಮೆ ಬಿದ್ದ ಫ್ರೇಮನ್ನು ಮೇಲಕ್ಕೆಳೆಯುತ್ತದೆ, ಜಾಸ್ತಿ ಬಿದ್ದದ್ದನ್ನು ಕೆಳಗಿಳಿಸುತ್ತದೆ. ಮೊಬೈಲ್‌ನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಮೇಲಕ್ಕೆಳೆದ ಫ್ರೇಮಿನ ನೆರಳಿನ ಜಾಗ ಮಸುಕಾಗಿ, ಬರೀ ಗ್ರೇನ್, ಅಂದರೆ ಮರಳಿನಂಥ ಚುಕ್ಕೆ, ತುಂಬಿಕೊಂಡಿರುತ್ತದೆ. ಅದನ್ನೇ ನಾವು ಹಳೇ ಕಾಲದ ಲುಕ್ ಅಂತ ಮೆಚ್ಚಿಕೊಳ್ಳುತ್ತೇವೆ. ಅದು ಫಿಲಂನ ಗುಣ ಅಲ್ಲ, ಬೆಳಕು ಸಾಲದ ಗುರುತು. ಕೊಡಾಕ್ ಗೋಲ್ಡ್ 200 ಅನ್ನುವ ಕಲರ್ ಫಿಲಂಗೆ ಬೇಕಾದಷ್ಟು ಬೆಳಕು ಕೊಟ್ಟು ನೋಡಿ, ಎಷ್ಟು ನಯವಾಗಿ ಬರುತ್ತದೆ ಅಂತ.

ನೆಗೆಟಿವ್‌ನಲ್ಲಿ ಈ ಮುಚ್ಚುಮರೆ ಇಲ್ಲ. ಅದರಲ್ಲಿ ಎಲ್ಲ ಉಲ್ಟಾ: ಬೆಳಕು ಬಿದ್ದಷ್ಟೂ ಗಾಢ, ಬೀಳದ ಕಡೆ ತೆಳು. ಮೊಬೈಲ್‌ನಲ್ಲಿ ಬಿಳಿ ಪರದೆ ಪೂರ್ತಿ ಬೆಳಕಿಗಿಟ್ಟು, ಪರದೆಗೆ ತಾಗಿಸದೆ ಸ್ವಲ್ಪ ಮೇಲೆ ಹಿಡಿದರೆ ಸಾಕು. ಮೊದಲು ಫ್ರೇಮನ್ನಲ್ಲ, ಅಂಚನ್ನು ನೋಡಿ. ಫಿಲಂ ಹೆಸರು, ಫ್ರೇಮ್ ನಂಬರು ಅಲ್ಲಿರುತ್ತವೆ. ಅವನ್ನು ಕಾರ್ಖಾನೆಯಲ್ಲೇ ಬೆಳಕು ಕೊಟ್ಟು ಅಚ್ಚು ಹಾಕಿರುತ್ತಾರೆ. ನಿಮ್ಮ ಕ್ಯಾಮೆರಾಗೂ ಅದಕ್ಕೂ ಸಂಬಂಧವೇ ಇಲ್ಲ, ತೊಳೆದ ರೀತಿ ಹೇಗಿತ್ತು ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಅಂಚಿನ ಅಕ್ಷರ ಗಾಢವಾಗಿದ್ದು ಫ್ರೇಮ್ ಮಾತ್ರ ತೆಳ್ಳಗಿದ್ದರೆ ತೊಳೆದದ್ದು ಸರಿಯಿದೆ, ತೆಗೆಯುವಾಗ ಬೆಳಕು ಸಾಲಲಿಲ್ಲ. ಅಕ್ಷರವೇ ಮಂಕಾಗಿದ್ದರೆ ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣದ, ಕಡೆ ನೋಡಬೇಕು. ಅಕ್ಷರ ಚೆನ್ನಾಗಿದ್ದು ಇಡೀ ರೀಲು ಖಾಲಿಯಿದ್ದರೆ ಫಿಲಂ ಸುತ್ತಿಕೊಂಡೇ ಇಲ್ಲ, ಅಥವಾ ಶಟರ್ ತೆರೆದಿಲ್ಲ. ಅಕ್ಷರವೂ ಇಲ್ಲ, ಚಿತ್ರವೂ ಇಲ್ಲ ಅಂದರೆ ಡೆವಲಪರ್ ಸತ್ತಿದೆ, ಇಲ್ಲವೇ ಅದಕ್ಕಿಂತ ಮೊದಲು ಫಿಕ್ಸರ್ (ಮೂಡಿದ ಚಿತ್ರವನ್ನು ಉಳಿಸಲು ಕೊನೆಗೆ ಹಾಕುವ ದ್ರಾವಣ) ಬಿದ್ದಿದೆ. ಯಾರ ತಪ್ಪು ಅಂತ ಲ್ಯಾಬ್ ಜೊತೆ ಜಗಳ ಆಡುವ ಮೊದಲು ಇಷ್ಟನ್ನು ನೋಡಬೇಕು ಅಲ್ವಾ?

ಇದೆಲ್ಲ ನನಗೆ ಕಲಿಸಿದವರು ನಮ್ಮ ಜೊತೆ ಬರುವ ದಾವಣಗೆರೆಯ ಒಬ್ಬ ಹಿರಿಯರು. ಸ್ಟುಡಿಯೋ ನಡೆಸುತ್ತಿದ್ದವರು, ಈಗ ಬಿಟ್ಟಿದ್ದಾರೆ. ಕಪ್ಪು ಬಿಳುಪು ನೆಗೆಟಿವ್ ಸಿಕ್ಕಿದರೆ ಅದನ್ನು ದಿನಪತ್ರಿಕೆಯ ಮೇಲೆ ಇಡುತ್ತಾರೆ. ತುಂಬಾ ಗಾಢವಾದ ಜಾಗದ ಮೂಲಕವೂ ಕೆಳಗಿನ ಅಕ್ಷರ ಕಷ್ಟಪಟ್ಟು ಓದುವ ಹಾಗಿರಬೇಕು, ಆಗ ಅದರಿಂದ ಒಳ್ಳೆಯ ಪ್ರಿಂಟ್ ಬರುತ್ತದೆ ಅಂತಾರೆ. ಏನೂ ಕಾಣದಿದ್ದರೆ ಜಾಸ್ತಿ ಆಯ್ತು, ಸಲೀಸಾಗಿ ಓದಿದರೆ ಕಡಿಮೆ ಆಯ್ತು.

ಹೀಗೆ ನೋಡಿ ಮಾತಾಡಿದ್ದರಿಂದ ಏನಾಯಿತು ಅನ್ನುವುದಕ್ಕೆ ಓಬವ್ವನ ಕಿಂಡಿಯ ಫೋಟೊ ಹೇಳಬೇಕು. ಕೋಟೆಗೆ ಬಂದವರೆಲ್ಲ ಅಲ್ಲಿ ಫೋಟೊ ತೆಗೆಯುತ್ತಾರೆ. ತೆಗೆಯುವುದು ಮಾತ್ರ ಕಷ್ಟ. ಬಂಡೆಗಳ ನಡುವೆ ಕತ್ತಲು, ಆಚೆ ಕಣ್ಣು ಕುಕ್ಕುವ ಬಿಸಿಲು. ನಮ್ಮ ಗುಂಪಿನ ಒಬ್ಬ ಹುಡುಗಿ, ಕೆ1000 ಇರುವವಳು, ಅಲ್ಲಿ ಇಲ್ಫರ್ಡ್ ಎಚ್‌ಪಿ5 ಅನ್ನುವ ಕಪ್ಪು ಬಿಳುಪು ಫಿಲಂ ಹಾಕಿ ತೆಗೆದಿದ್ದಳು. ಸ್ಕ್ಯಾನ್‌ನಲ್ಲಿ ಒಳಗಿನ ಕಲ್ಲು ಬರೀ ಕರಿ ಮುದ್ದೆ, ಮೇಲೆಲ್ಲ ಗ್ರೇನ್. ಫಿಲಂ ಹಳೆಯದಿರಬೇಕು ಅಂದುಕೊಂಡಿದ್ದಳು. ನೆಗೆಟಿವ್ ನೋಡಿದರೆ ಅಂಚಿನ ಅಕ್ಷರ ಗಟ್ಟಿಯಾಗಿದೆ, ಆಚೆಯ ಬಿಸಿಲಿನ ಜಾಗವೂ ಗಟ್ಟಿಯಾಗಿದೆ, ಒಳಗಿನ ಬಂಡೆ ಇರಬೇಕಾದ ಕಡೆ ಗಾಜಿನ ಹಾಗೆ ಪಾರದರ್ಶಕ. ಅಲ್ಲಿ ಏನೂ ದಾಖಲಾಗಿಯೇ ಇಲ್ಲ. ಇಲ್ಲದ್ದನ್ನು ಯಾವ ಸ್ಕ್ಯಾನರ್ ತಂದುಕೊಡುತ್ತದೆ?

ಕೆ1000ರ ಒಳಗಿನ ಬೆಳಕು ಅಳೆಯುವ ಮೀಟರ್ ಇಡೀ ಫ್ರೇಮಿನ ಬೆಳಕನ್ನು ಸೇರಿಸಿ ಅಳೆಯುತ್ತದೆ. ಮೂಲೆಯಲ್ಲಿ ಒಂದಿಷ್ಟು ಬಿಸಿಲು ಇದ್ದರೂ ಮುಳ್ಳು ಅತ್ತ ವಾಲುತ್ತದೆ. ಅದಕ್ಕೆ ಕಲ್ಲೂ ಗೊತ್ತಿಲ್ಲ, ಆಕಾಶವೂ ಗೊತ್ತಿಲ್ಲ, ಏನು ತೋರಿಸಿದರೂ ನಡುಮಟ್ಟದ ಬೂದು ಮಾಡಲು ನೋಡುತ್ತದೆ. ಹಾಗಾಗಿ ನೆರಳಿನ ಬಂಡೆಯ ಹತ್ತಿರ ಹೋಗಿ, ಫ್ರೇಮ್ ತುಂಬಾ ಅದೇ ಇರುವ ಹಾಗೆ ಅಳೆಯಬೇಕು. ಮೀಟರ್ 1/60 ಸೆಕೆಂಡಿಗೆ ಎಫ್4 (ಲೆನ್ಸಿನ ಕಿಂಡಿಯ ಅಳತೆ) ಅಂದರೆ ಎರಡು ಸ್ಟಾಪ್, ಅಂದರೆ ಬೆಳಕು ಎರಡು ಸಲ ಅರ್ಧಕ್ಕಿಳಿಯುವಷ್ಟು, ಇಳಿಸಿ ಎಫ್8 ಇಡಬೇಕು. ಆಗ ಕಲ್ಲು ಕಪ್ಪಾಗಿಯೇ ಬರುತ್ತದೆ, ಆದರೆ ಅದರ ಮೈಯ ಒರಟು ಉಳಿಯುತ್ತದೆ. ಆಚೆ ಬಿಸಿಲು ಜಾಸ್ತಿ ಆಗುತ್ತೆ ಅಂತ ಹೆದರಬೇಡಿ. ಎಚ್‌ಪಿ5 ಅಂಥ ನೆಗೆಟಿವ್ ಫಿಲಂ ಅದನ್ನು ತಡೆದುಕೊಳ್ಳುತ್ತದೆ, ಪ್ರಿಂಟ್ ಮಾಡುವಾಗ ಆ ಜಾಗಕ್ಕೆ ಜಾಸ್ತಿ ಬೆಳಕು ಕೊಟ್ಟು ಇಳಿಸಿಕೊಳ್ಳಬಹುದು. ಅವಳು ಮತ್ತೆ ಹೋಗಿ ಹೀಗೇ ತೆಗೆದಳು. ಆ ಫೋಟೊದಲ್ಲಿ ಬಂಡೆಯ ಸೀಳು, ಕೈ ಸವರಿ ನುಣುಪಾದ ಅಂಚು ಎಲ್ಲ ಕಾಣುತ್ತವೆ. ನಮ್ಮ ಗುಂಪಿನಲ್ಲಿ ಬಂದ ಅತ್ಯುತ್ತಮ ಫೋಟೊ ಅದು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಕಪ್ಪು ಬಿಳುಪು ಮನೆಯಲ್ಲೇ ತೊಳೆಯುವವರಿಗೆ ನಮ್ಮೂರ ಬೇಸಿಗೆಯದ್ದೇ ಒಂದು ಕಾಟ. ಡೆವಲಪರ್ ಲೆಕ್ಕ ಎಲ್ಲ 20 ಡಿಗ್ರಿಗೆ. ಏಪ್ರಿಲ್‌ನಲ್ಲಿ ದಾವಣಗೆರೆಯ ನಲ್ಲಿ ನೀರು ಅದಕ್ಕಿಂತ ಎಷ್ಟೋ ಬಿಸಿ. ಬಿಸಿ ಹೆಚ್ಚಾದಂತೆ ಹೊತ್ತು ಕಡಿಮೆ ಮಾಡಬೇಕು, ಆದರೆ 5 ನಿಮಿಷಕ್ಕಿಂತ ಕೆಳಗೆ ಹೋದರೆ ಒಂದು ಕಡೆ ಗಾಢ, ಒಂದು ಕಡೆ ತೆಳು ಆಗುವ ಭಯ. ಬಾಟಲಿಯ ಸುತ್ತ ಐಸ್ ನೀರು ಇಡುವುದೇ ದಾರಿ. ಕಲರ್‌ಗೆ ಮಾತ್ರ ಉಲ್ಟಾ. ಸಿ-41ಕ್ಕೆ, ಅಂದರೆ ಕಲರ್ ನೆಗೆಟಿವ್ ತೊಳೆಯುವ ವಿಧಾನಕ್ಕೆ, ಡೆವಲಪರ್ ಸುಮಾರು 38 ಡಿಗ್ರಿ ಇರಬೇಕು, 3 ನಿಮಿಷ 15 ಸೆಕೆಂಡು. ನಮ್ಮ ಬೇಸಿಗೆಯಲ್ಲಿ ನೀರು ಕಾಯಿಸುವ ಕೆಲಸ ಅರ್ಧ ಉಳಿಯಿತು. ಮನೆಯಲ್ಲಿ ಕಲರ್ ತೊಳೆಯುವುದನ್ನು ಕಲಿಯಬೇಕು ಅನ್ನುವವರು ಮಾರ್ಚಿನಿಂದ ಮೇ ಒಳಗೆ ಶುರು ಮಾಡಿ.

ಇನ್ನು ಹಳೆಯ ನೆಗೆಟಿವ್ ಮಾತು. ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದ ದಾವಣಗೆರೆಯ ಮನೆಗಳಲ್ಲಿ ಟ್ರಂಕಿನ ತಳದಲ್ಲಿ, ಸ್ಟುಡಿಯೋದ ಕಾಗದದ ಕವರಿನಲ್ಲಿ ಅವು ಇನ್ನೂ ಇವೆ. ಜನ ಪ್ರಿಂಟನ್ನು ಮೊಬೈಲ್‌ನಲ್ಲಿ ಹೊಡೆದುಕೊಂಡು, ಇನ್ಯಾಕೆ ಇದು ಅಂತ ನೆಗೆಟಿವ್ ಬಿಸಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರಿಂಟ್‌ನಲ್ಲಿ ಕಾಣದ ಎಷ್ಟೋ ವಿವರ ಅದರಲ್ಲಿ ಇರುತ್ತದೆ. ನಮ್ಮ ಒಣ ಹವೆ ಅದಕ್ಕೆ ಒಳ್ಳೆಯದೇ, ಮಲೆನಾಡಿನಷ್ಟು ಬೂಷ್ಟಿನ ಕಾಟ ಇಲ್ಲ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲಂನ ಅಸಿಟೇಟ್ (ಪ್ಲಾಸ್ಟಿಕ್‌ನಂಥ ಪಟ್ಟಿ) ಕೊಳೆಯಲು ಶುರುವಾಗಿದೆ ಅಂತ. ಅಂಥವನ್ನು ಉಳಿದವುಗಳಿಂದ ದೂರ ಇಟ್ಟು, ಮೊದಲು ಅವನ್ನೇ ಸ್ಕ್ಯಾನ್ ಮಾಡಿಸಿ. ಕವರಿನ ಮೇಲೆ ಬರೆದ ತಾರೀಕು, ಹೆಸರು ಏನಿದ್ದರೂ ಕವರನ್ನೂ ಇಟ್ಟುಕೊಳ್ಳಿ. ಮುಂದಿನ ಸಲ ಕುಂದುವಾಡ ಕೆರೆ ಹತ್ತಿರ ಸೇರಿದಾಗ ತನ್ನಿ, ನೆಗೆಟಿವ್ ಇಟ್ಟು ನೋಡುವ ಲೈಟ್ ಬಾಕ್ಸ್ ನಾನು ತರುತ್ತೇನೆ.