ಪದ ಮುಗಿದ ಮೇಲಿನ ಮಾತು

ಚಳ್ಳಕೆರೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಕಣ್ಣು, ಕೈ, ಕಾಲು ಮೂರೂ ಮಷಿನ್‌ಗೆ ಮೀಸಲು. ಬಿಡುವಾಗಿರುವುದು ಕಿವಿ ಮಾತ್ರ. ಬಾಗಿಲು ತೆರೆದೊಡನೆ ಚಿತ್ರದುರ್ಗ ಆಕಾಶವಾಣಿ ಹಚ್ಚುತ್ತೇನೆ. ಚಿತ್ರಗೀತೆ ಬರುವಾಗ ರವಿಕೆಗೆ ತೋಳು ಕೂಡಿಸುತ್ತೇನೆ. ಯಾರಾದರೂ ಕುಳಿತು ಮಾತಾಡತೊಡಗಿದರೆ ಮಷಿನ್ ನಿಲ್ಲಿಸಿ ಕಾಜ, ಗುಂಡಿಯಂಥ ಸದ್ದಿಲ್ಲದ ಕೆಲಸ ಹಿಡಿಯುತ್ತೇನೆ. ಒಂದು ಮಾತೂ ತಪ್ಪಬಾರದು.

ಹೋದ ವರ್ಷ ಬೇರೊಂದು ಪುಟ್ಟ ಸಮುದಾಯ ಬಾನುಲಿಯವರು, ಎಂದರೆ ಸ್ಥಳೀಯರಿಗಾಗಿಯೇ ನಡೆಯುವ ರೇಡಿಯೋದವರು, ನಮ್ಮ ಅತ್ತೆ ಹಾಡುವ ಜನಪದ ಪದಗಳನ್ನು ಧ್ವನಿಮುದ್ರಿಸಲು ಮನೆಗೆ ಬಂದಿದ್ದರು. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನಾಲಿಗೆಯ ಮೇಲಿಟ್ಟುಕೊಂಡು ಬಾಳಿದ ತಾಲ್ಲೂಕು ನಮ್ಮದು. ಅಕ್ಷರ ಕಲಿಯದ ಆ ತಾಯಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತ್ತು. ನಮ್ಮತ್ತೆಯ ಬಳಿ ಅಷ್ಟಿಲ್ಲ, ನೂರಿನ್ನೂರು ಇರಬಹುದು.

ಅತ್ತೆ ಕಾಡುಗೊಲ್ಲರ ದೈವ ಜುಂಜಪ್ಪನ ಪದ ಹೇಳಿದರು. ಯಾರಿಂದ ಕಲಿತಿರಿ ಎಂದು ಬಾನುಲಿಯಿಂದ ಬಂದ ಹುಡುಗಿ ಕೇಳಿದಳು. ಶೇಂಗಾ ಹೊಲದಲ್ಲಿ ಕಳೆ ತೆಗೆಯುವಾಗ ಮುಂದಿನ ಸಾಲಿನವರು ಹೇಳುತ್ತಿದ್ದರು, ಹಿಂದಿನ ಸಾಲಿನ ನಾವು ಎತ್ತಿಕೊಳ್ಳುತ್ತಿದ್ದೆವು ಎಂದರು ಅತ್ತೆ. ಅಲ್ಲಿಗೆ ನಿಲ್ಲಿಸಲಿಲ್ಲ. "ಈಗ ಕೊಳವೆಬಾವಿ ಬತ್ತಿದೆ, ಹೊಲ ಬೀಳುಬಿದ್ದಿದೆ. ಹುಡುಗಿಯರು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋದರು. ಪದ ಯಾರಿಗೆ ಹೇಳಿಕೊಡಲಿ? ಭದ್ರೆಯ ನೀರು ಬರುತ್ತದೆ ಎಂದು ಪ್ರತಿ ಚುನಾವಣೆಯಲ್ಲೂ ಹೇಳಿ ಹೋಗುತ್ತಾರೆ."

ಪ್ರಸಾರದಲ್ಲಿ ಪದವಿತ್ತು, ಈ ಮಾತಿರಲಿಲ್ಲ.

ಹುಡುಗಿಯನ್ನು ಕೇಳಿದೆ. "ಅಕ್ಕ, ಅದು ರಾಜಕೀಯವಾಗುತ್ತದೆ, ಪರವಾನಗಿಗೆ ತೊಂದರೆ" ಎಂದಳು. ಅವಳ ಭಯ ಸುಳ್ಳಲ್ಲ. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಅವಕಾಶ ಸಿಕ್ಕಿತು. ಆದರೆ ಸ್ವಂತ ಸುದ್ದಿ, ರಾಜಕೀಯ ವಿಷಯ ಬಿತ್ತರಿಸುವಂತಿಲ್ಲ ಎಂಬ ಕಟ್ಟೂ ಅದರೊಡನೆ ಬಂತು. ಆಕಾಶವಾಣಿಯಲ್ಲಾದರೆ 1977ರಿಂದಲೂ ಚುನಾವಣೆಯ ಹೊತ್ತಿನಲ್ಲಿ ಮಾನ್ಯತೆ ಪಡೆದ ಪಕ್ಷಗಳಿಗೆ ಮಾತಾಡಲು ಸಮಯ ಕೊಡುತ್ತಾರೆ. ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ಭದ್ರೆಯ ನೀರನ್ನು ನಮ್ಮ ಕಡೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಎಂದು 2023ರ ಕೇಂದ್ರ ಬಜೆಟ್‌ನಲ್ಲಿ ಓದಿದ್ದು ಸುದ್ದಿ, ಆ ನೀರಿಗಾಗಿ ಕಾದ ಹೆಂಗಸಿನ ಮಾತು ಕತ್ತರಿಗೆ ಎಂದರೆ ನನಗೆ ಒಪ್ಪಿಗೆಯಿಲ್ಲ. ಪದ ಹುಟ್ಟಿದ್ದೇ ಆ ಹೊಲದ ಸಾಲಿನಲ್ಲಿ. ಸಾಲು ಬಿಟ್ಟು ಪದವನ್ನಷ್ಟೇ ಕೇಳಿಸಿದರೆ ನಮ್ಮತ್ತೆಯನ್ನು ಅರ್ಧ ಕೇಳಿಸಿದಂತೆ.

ಕಳೆದ ಸೋಮವಾರ ಅಂಗಡಿ ಬೇಗ ಮುಚ್ಚಿ ಅತ್ತೆಯ ಪದವನ್ನೂ ಮಾತನ್ನೂ ಮೊಬೈಲ್‌ನಲ್ಲಿ ನಾನೇ ಮುದ್ರಿಸಿಕೊಂಡೆ. ನಲವತ್ತು ನಿಮಿಷ, ನಡುವೆ ಮೇಕೆಯ ಕೂಗೂ ಸೇರಿದೆ. ಅತ್ತೆಗೆ ಕೇಳಿಸಿದಾಗ ಪದವನ್ನು ದೂರದಿಂದಲೇ ಕೇಳಿದರು. ಮಾತು ಬಂದಾಗ ಮೊಬೈಲ್ ಇಸಿದುಕೊಂಡು ಕಿವಿಗೆ ಒತ್ತಿ ಹಿಡಿದರು.