ಆರ್ಮ್‌ಸ್ಟ್ರಾಂಗ್ ಮತ್ತು ಕೋಲ್ಟ್ರೇನ್ ನುಡಿಸಿದ್ದು ಒಂದೇ ಸಂಗೀತವೇ?

ಅಮೆರಿಕದಲ್ಲಿ ಹುಟ್ಟಿದ ಜಾಝ್ ಸಂಗೀತದ ಕುರಿತು ನಾನು ಬರೆಯುತ್ತೇನೆಂದು ಬಲ್ಲವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. 1928ರಲ್ಲಿ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಧ್ವನಿಮುದ್ರಿಸಿದ ‘ವೆಸ್ಟ್ ಎಂಡ್ ಬ್ಲೂಸ್’ ಮತ್ತು 1967ರಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಡ್ರಮ್ ವಾದಕ ರಶೀದ್ ಅಲಿಯವರೊಬ್ಬರನ್ನೇ ಜೊತೆಗಿಟ್ಟುಕೊಂಡು ನುಡಿಸಿದ ‘ಇಂಟರ್‌ಸ್ಟೆಲ್ಲರ್ ಸ್ಪೇಸ್’, ಈ ಎರಡನ್ನೂ ಜಾಝ್ ಎಂಬ ಒಂದೇ ಹೆಸರಿನಿಂದ ಕರೆಯುವುದು ಹೇಗೆ? ಮೊದಲನೆಯದರಲ್ಲಿ ಯಾರ ಕಿವಿಗೂ ದಕ್ಕುವ ಧಾಟಿಯಿದೆ, ಕೈ ತಾನಾಗಿಯೇ ತಾಳ ಹಾಕುತ್ತದೆ. ಎರಡನೆಯದರಲ್ಲಿ ಇವೆರಡೂ ಸುಲಭವಾಗಿ ಸಿಗುವುದಿಲ್ಲ. ನಡುವೆ ನಲವತ್ತು ವರ್ಷವೂ ಕಳೆದಿಲ್ಲ.

ಒಂದೇ ಸಂಗೀತ ಎಂಬುದು ನನ್ನ ಉತ್ತರ. ಆದರೆ ಆ ಏಕತೆಯನ್ನು ಕಿವಿಗೆ ಬೀಳುವ ನಾದದಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಲವರು ಕೂಡಿ ನುಡಿಸುತ್ತಿರುವಾಗ ಒಬ್ಬ ವಾದಕ ಆ ಕ್ಷಣದಲ್ಲಿ ಹೊಳೆದದ್ದನ್ನು ತನ್ನದೇ ದನಿಯಲ್ಲಿ ಹೇಳಬೇಕಾದರೆ ಎಲ್ಲರೂ ಮೊದಲೇ ಒಪ್ಪಿಕೊಂಡ ನೆಲೆ ಯಾವುದಿರಬೇಕು ಎಂಬುದೇ ಜಾಝ್ ವಾದಕರು ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂದ ಸಮಸ್ಯೆ. ಆ ಕ್ಷಣದ ಈ ಸ್ವಂತ ಕಲ್ಪನೆಗೆ, ಅಂದರೆ ಮನೋಧರ್ಮಕ್ಕೆ, ಆಧಾರವಾದ ಆ ನೆಲೆ ಬದಲಾದಂತೆ ಶೈಲಿಯೂ ಬದಲಾಯಿತು.

ಜಾಝ್ ಹುಟ್ಟಿದ ಊರಾದ ನ್ಯೂ ಆರ್ಲಿಯನ್ಸ್‌ನ ವಾದಕರಿಗೆ ಆ ನೆಲೆ ಹಾಡಿನ ಧಾಟಿಯೇ ಆಗಿತ್ತು. ಟ್ರಂಪೆಟ್ಟನ್ನು ಹೋಲುವ ಕಾರ್ನೆಟ್ ಧಾಟಿಯನ್ನು ಹಿಡಿದು ನಡೆಸುತ್ತಿತ್ತು. ಕ್ಲಾರಿನೆಟ್ ಅದರ ಮೇಲೆ ಬಳ್ಳಿಯಂತೆ ಹಬ್ಬುತ್ತಿತ್ತು. ಟ್ರೊಂಬೋನ್ ಕೆಳಗಿನಿಂದ ಆಸರೆ ಕೊಡುತ್ತಿತ್ತು. ಆ ಊರಿನಿಂದ ಶಿಕಾಗೋಗೆ ಬಂದಿದ್ದ ಕಿಂಗ್ ಆಲಿವರ್ ಅವರ ತಂಡದ 1923ರ ಮುದ್ರಿಕೆಗಳಲ್ಲಿ ಈ ಸಮೂಹ ಮನೋಧರ್ಮವನ್ನು ಈಗಲೂ ಕೇಳಬಹುದು. ಆಲಿವರ್ ಕರೆಸಿಕೊಂಡಿದ್ದ ಯುವಕ ಆರ್ಮ್‌ಸ್ಟ್ರಾಂಗ್ ಅದೇ ತಂಡದಲ್ಲಿ ಎರಡನೆಯ ಕಾರ್ನೆಟ್ ನುಡಿಸುತ್ತಿದ್ದರು. ಐದೇ ವರ್ಷಗಳ ಬಳಿಕ ‘ವೆಸ್ಟ್ ಎಂಡ್ ಬ್ಲೂಸ್’ನ ಆರಂಭದಲ್ಲಿ ಯಾವ ಪಕ್ಕವಾದ್ಯವೂ ಇಲ್ಲದೆ ಅವರು ಒಬ್ಬರೇ ಟ್ರಂಪೆಟ್ ಊದಿದಾಗ, ಜಾಝ್ ಗುಂಪಿನ ಕಲೆಯಾಗಿರುವಂತೆಯೇ ಏಕವಾದಕನ ಕಲೆಯೂ ಆಗಬಲ್ಲದೆಂಬುದು ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಥಾಪಿತವಾಯಿತು. ಆ ಕಾಲದ ಒಂದು ಗ್ರಾಮೊಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷಗಳ ಸಂಗೀತ. ಅಷ್ಟರಲ್ಲೇ ಹೇಳಬೇಕಾದ ಒತ್ತಡವೂ ಆ ಬಿಗುವಿಗೆ ಒಂದು ಕಾರಣವೆಂದು ನಾನು ನಂಬುತ್ತೇನೆ.

ಮೂವತ್ತರ ದಶಕದಲ್ಲಿ, ಕುಣಿಯಲೆಂದೇ ನುಡಿಸುತ್ತಿದ್ದ ಸ್ವಿಂಗ್ ಶೈಲಿಯ ಕಾಲದಲ್ಲಿ, ನೃತ್ಯಶಾಲೆಗಳು ಹಿಗ್ಗಿದಂತೆ ತಂಡಗಳೂ ಹಿಗ್ಗಿದವು. ಹದಿನೈದು ಜನ ಒಟ್ಟಿಗೆ ಮನೋಧರ್ಮಕ್ಕೆ ಇಳಿದರೆ ಗದ್ದಲವಾಗುತ್ತದೆ. ಆದ್ದರಿಂದ ಫ್ಲೆಚರ್ ಹೆಂಡರ್ಸನ್, ಡ್ಯೂಕ್ ಎಲಿಂಗ್ಟನ್ ಮುಂತಾದವರ ತಂಡಗಳಲ್ಲಿ ಬರೆದಿಟ್ಟ ಸಂಯೋಜನೆಯೇ ಆಧಾರವಾಯಿತು, ಏಕವಾದಕನಿಗೆ ಅದರ ನಡುವೆ ಅಳೆದ ಜಾಗ ಸಿಕ್ಕಿತು.

ಇಲ್ಲಿಂದ ಮುಂದಿನ ಹೆಜ್ಜೆಯೇ ಹೊಸ ಕೇಳುಗರನ್ನು ಹೆಚ್ಚು ದಿಗಿಲುಗೊಳಿಸುವಂಥದ್ದು. 1939ರ ಅಕ್ಟೋಬರ್‌ನಲ್ಲಿ ಟೆನರ್ ಸ್ಯಾಕ್ಸೊಫೋನ್ ವಾದಕ ಕೋಲ್ಮನ್ ಹಾಕಿನ್ಸ್ ‘ಬಾಡಿ ಅಂಡ್ ಸೋಲ್’ ಎಂಬ ಜನಪ್ರಿಯ ಗೀತೆಯನ್ನು ಧ್ವನಿಮುದ್ರಿಸಿದರು. ಆರಂಭದ ಕೆಲವು ಕ್ಷಣಗಳನ್ನು ಬಿಟ್ಟರೆ ಮೂಲ ಧಾಟಿ ಅದರಲ್ಲಿ ಕೇಳಿಸುವುದೇ ಇಲ್ಲ. ಧಾಟಿಯ ಅಡಿಯಲ್ಲಿ ಹಲವು ಸ್ವರಗಳು ಒಟ್ಟಿಗೆ ಮೊಳಗುತ್ತ ಒಂದಾದ ಮೇಲೊಂದು ಬರುವ ಕಾರ್ಡ್‌ಗಳ ಸರಣಿಯನ್ನೇ ಹಿಡಿದು ಅವರು ಹೊಸ ಮಾತನ್ನು ಕಟ್ಟುತ್ತಾರೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಮಿಂಟನ್ಸ್ ಪ್ಲೇಹೌಸ್ ಎಂಬ ಕ್ಲಬ್ಬಿನಲ್ಲಿ ತಡರಾತ್ರಿ ಸೇರುತ್ತಿದ್ದ ಥೆಲೋನಿಯಸ್ ಮಾಂಕ್, ಕೆನ್ನಿ ಕ್ಲಾರ್ಕ್, ಡಿಜ್ಜಿ ಗಿಲೆಸ್ಪಿ ಮೊದಲಾದವರು ಈ ದಾರಿಯನ್ನು ಇನ್ನೂ ಮುಂದಕ್ಕೆ ಒಯ್ದರು. 1945ರಲ್ಲಿ ಆಲ್ಟೋ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಮುದ್ರಿಸಿದ ‘ಕೋ ಕೋ’ ನಿಂತಿರುವುದು ‘ಚೆರೋಕಿ’ ಎಂಬ ಹಳೆಯ ಹಾಡಿನ ಕಾರ್ಡ್‌ಗಳ ಮೇಲೆ. ಹಾಡು ಮಾತ್ರ ಅಲ್ಲಿಲ್ಲ. ಬೀಬಾಪ್ ಎಂದು ಹೆಸರಾದ ಈ ಶೈಲಿ ಏಕಾಏಕಿ ಹುಟ್ಟಿದಂತೆ ತೋರಲು ಒಂದು ಲೌಕಿಕ ಕಾರಣವಿದೆ. 1942ರ ಆಗಸ್ಟ್‌ನಿಂದ ಅಮೆರಿಕದ ವಾದಕರ ಸಂಘ ಧ್ವನಿಮುದ್ರಣವನ್ನೇ ಬಹಿಷ್ಕರಿಸಿತ್ತು, ಹೀಗಾಗಿ ಅದು ರೂಪುಗೊಂಡ ವರ್ಷಗಳ ಬಹುಪಾಲು ತಟ್ಟೆಗಳಲ್ಲಿ ದಾಖಲಾಗಲೇ ಇಲ್ಲ. ಯುದ್ಧಕಾಲದ ಪೆಟ್ರೋಲ್ ಅಭಾವದಿಂದ ದೊಡ್ಡ ತಂಡಗಳ ಪ್ರವಾಸ ಕಷ್ಟವಾಯಿತು. 1944ರಲ್ಲಿ ಗಾಯನ, ನೃತ್ಯಗಳಿರುವ ಕ್ಲಬ್ಬುಗಳ ಮೇಲೆ ಬಿದ್ದ ಶೇ 30ರ ತೆರಿಗೆ, ಬೇಗನೆ ಶೇ 20ಕ್ಕೆ ಇಳಿದರೂ, ಕುಳಿತು ಕೇಳುವ ಸಣ್ಣ ವಾದ್ಯತಂಡಗಳಿಗೆ ಅನುಕೂಲ ಮಾಡಿತು. ಕಲೆಯ ಒಳಗಿನ ಹಸಿವನ್ನು ಇಂಥ ಸಂಗತಿಗಳು ಹುಟ್ಟಿಸಲಾರವು, ಆದರೆ ಅದು ಯಾವ ರೂಪ ತಾಳಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತವೆ.

ಐವತ್ತರ ದಶಕದ ಕೂಲ್ ಮತ್ತು ಹಾರ್ಡ್ ಬಾಪ್ ಶೈಲಿಗಳನ್ನು ನಾನು ಬೀಬಾಪ್‌ನ ಎರಡು ಸ್ವಭಾವಗಳೆಂದೇ ಎಣಿಸುತ್ತೇನೆ. ಒಂದು ನಾದವನ್ನು ತಣಿಸಿತು, ಇನ್ನೊಂದು ಚರ್ಚಿನ ಹಾಡು ಮತ್ತು ಬ್ಲೂಸ್‌ನ ಬಿಸಿಯನ್ನು ಮರಳಿ ತಂದಿತು. ನೆಲೆ ಎರಡರಲ್ಲೂ ಕಾರ್ಡ್‌ಗಳೇ.

ಆ ನೆಲೆ ಅಲುಗಾಡಿದ್ದು 1959ರಲ್ಲಿ. ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ‘ಕೈಂಡ್ ಆಫ್ ಬ್ಲೂ’ ಮುದ್ರಿಸಿದರು. ಅದರ ಮೊದಲ ಕೃತಿ ‘ಸೋ ವಾಟ್’ನಲ್ಲಿ ಕಾರ್ಡ್‌ಗಳ ಓಟವಿಲ್ಲ, ಹದಿನಾರು ಆವರ್ತಗಳ ಕಾಲ ಒಂದೇ ಸ್ವರಶ್ರೇಣಿ, ಬಳಿಕ ಎಂಟು ಆವರ್ತ ಅದೇ ಶ್ರೇಣಿ ಅರ್ಧ ಸ್ವರ ಮೇಲೆ, ಮತ್ತೆ ಎಂಟು ಆವರ್ತ ಮೊದಲಿನ ಸ್ಥಾನದಲ್ಲಿ. ಡೋರಿಯನ್ ಎಂದು ಕರೆಯುವ ಆ ಶ್ರೇಣಿಯ ಸ್ವರಸ್ಥಾನಗಳು ನಮ್ಮ ಖರಹರಪ್ರಿಯದವೇ. ಗಮಕ, ಸಂಚಾರಗಳು ಇಲ್ಲದಿರುವುದರಿಂದ ಅದನ್ನು ರಾಗವೆನ್ನಲಾಗದು. ಆದರೂ ಆಲಾಪನೆ ಕೇಳಿ ಪಳಗಿದ ಕಿವಿ, ಒಂದೇ ಸ್ವರಸಮೂಹದಲ್ಲಿ ತಂಗಿ ಅದನ್ನು ಬಗೆಬಗೆಯಾಗಿ ತಿರುವಿ ನೋಡುವ ಆ ಸಾವಧಾನವನ್ನು ಕೂಡಲೇ ಗುರುತಿಸುತ್ತದೆ. ಅದೇ ಮುದ್ರಿಕೆಯಲ್ಲಿ ಟೆನರ್ ನುಡಿಸಿದ ಕೋಲ್ಟ್ರೇನ್ ಮೇ ತಿಂಗಳಲ್ಲಿ ತಮ್ಮದೇ ತಂಡದೊಡನೆ ‘ಜೈಂಟ್ ಸ್ಟೆಪ್ಸ್’ ಮುದ್ರಿಸಿದರು. ಅದು ಪೂರ್ತಿ ವಿರುದ್ಧ ದಿಕ್ಕಿನ ಪ್ರಯೋಗ: ಅನೇಕ ಕಡೆ ಒಂದು ಕಾರ್ಡ್ ಅರ್ಧ ಸೆಕೆಂಡೂ ನಿಲ್ಲುವುದಿಲ್ಲ, ಆಧಾರ ಸ್ವರವೇ ಮೂರು ಸ್ಥಾನಗಳ ನಡುವೆ ಜಿಗಿಯುತ್ತಿರುತ್ತದೆ. ಟಾಮಿ ಫ್ಲಾನಗನ್‌ರಂಥ ಪಳಗಿದ ಪಿಯಾನೋ ವಾದಕರ ಏಕವಾದನವೂ ಅಲ್ಲಿ ತಡವರಿಸುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಅದೇ ಮೇ ತಿಂಗಳಲ್ಲಿ ಆಲ್ಟೋ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ತಮ್ಮ ತಂಡದಿಂದ ಪಿಯಾನೋವನ್ನೇ ಕೈಬಿಟ್ಟು, ಮೊದಲೇ ಗೊತ್ತುಮಾಡಿದ ಕಾರ್ಡ್‌ಗಳ ಹಂಗಿಲ್ಲದೆ ‘ದಿ ಶೇಪ್ ಆಫ್ ಜಾಝ್ ಟು ಕಮ್’ ನುಡಿಸಿದರು. ಅಲ್ಲಿನ ‘ಲೋನ್ಲಿ ವುಮನ್’ ಕೇಳಿದ ಯಾರೂ ಕೋಲ್ಮನ್‌ಗೆ ಧಾಟಿ ಗೊತ್ತಿರಲಿಲ್ಲ ಎನ್ನಲಾರರು. ಒಂದು ಮಾರ್ಗ ಮುಗಿದು ಇನ್ನೊಂದು ತೆರೆಯಿತೆಂದು ಇತಿಹಾಸ ಬರೆಯುವವರಿಗೆ ಆ ಒಂದೇ ವರ್ಷ ಸಾಕಷ್ಟು ತೊಡಕು ಒಡ್ಡುತ್ತದೆ.

ಹೊಸ ಶೈಲಿ ಹಳೆಯದನ್ನು ಅಳಿಸಿತು ಎಂಬ ನಿರೂಪಣೆಯನ್ನು ನಾನು ಒಪ್ಪದಿರುವುದಕ್ಕೆ ಹಾಕಿನ್ಸ್ ಅವರೇ ಪುರಾವೆ. ಹೆಂಡರ್ಸನ್ ತಂಡದಲ್ಲಿ ಆರ್ಮ್‌ಸ್ಟ್ರಾಂಗ್ ಜೊತೆ ಕುಳಿತು ನುಡಿಸಿದ್ದ ಅವರು, 1944ರಲ್ಲಿ ಗಿಲೆಸ್ಪಿಯಂಥ ಕಿರಿಯರನ್ನು ಕರೆದು ಧ್ವನಿಮುದ್ರಿಸಿದರು, ಮಾಂಕ್‌ಗೆ ತಮ್ಮ ತಂಡದಲ್ಲಿ ಕೆಲಸ ಕೊಟ್ಟರು. 1957ರಲ್ಲಿ ಮಾಂಕ್ ತಮ್ಮ ಮುದ್ರಿಕೆಯೊಂದಕ್ಕೆ ಅವರನ್ನೂ ಕೋಲ್ಟ್ರೇನ್‌ರನ್ನೂ ಒಟ್ಟಿಗೆ ಕರೆದರು. ಪ್ರಶ್ನೆ ಕೇಳುವವರು ಎರಡು ತುದಿಗಳಲ್ಲಿಡುವ ಆರ್ಮ್‌ಸ್ಟ್ರಾಂಗ್ ಮತ್ತು ಕೋಲ್ಟ್ರೇನ್ ನಡುವೆ ಹೀಗೆ ಒಬ್ಬನೇ ಮನುಷ್ಯನ ಅಂತರವಿದೆ. 1962ರಲ್ಲಿ ಕೋಲ್ಟ್ರೇನ್ ಎಲಿಂಗ್ಟನ್ ಜೊತೆಗೂ ಒಂದು ಮುದ್ರಿಕೆ ಮಾಡಿದರು. ಅದರಲ್ಲಿ ಇಬ್ಬರೂ ತಮ್ಮತನ ಬಿಟ್ಟುಕೊಟ್ಟಿಲ್ಲ.

‘ಇಂಟರ್‌ಸ್ಟೆಲ್ಲರ್ ಸ್ಪೇಸ್’ನಲ್ಲಿ ಕಾರ್ಡ್‌ಗಳಿಲ್ಲ, ಎಣಿಸಬಹುದಾದ ತಾಳವೂ ಇಲ್ಲ. ಕೋಲ್ಟ್ರೇನ್ ಸಣ್ಣ ಗಂಟೆಗಳನ್ನು ಅಲುಗಿಸಿ ಆರಂಭಿಸುತ್ತಾರೆ, ಚಿಕ್ಕದೊಂದು ಧಾಟಿಯನ್ನು ಇಡುತ್ತಾರೆ, ಆಮೇಲೆ ಇಬ್ಬರಿಗೂ ಇರುವ ಆಧಾರವೆಂದರೆ ಪರಸ್ಪರ ಕೇಳಿಸಿಕೊಳ್ಳುವುದು ಮಾತ್ರ. ಡ್ರಮ್ಮಿನ ಸಾಂದ್ರತೆ ಎಲ್ಲಿ ಹೆಚ್ಚುತ್ತದೆ, ಸ್ಯಾಕ್ಸೊಫೋನ್ ಅದಕ್ಕೆ ಹೇಗೆ ಉತ್ತರಿಸುತ್ತದೆ ಎಂಬುದನ್ನು ಹಿಂಬಾಲಿಸಿದರೆ ಆ ಸಂಗೀತ ನಿಧಾನವಾಗಿ ತೆರೆದುಕೊಳ್ಳುತ್ತದೆ.

ಎಪ್ಪತ್ತರ ದಶಕದಲ್ಲಿ ವಿದ್ಯುತ್ ವಾದ್ಯಗಳು, ರಾಕ್ ಲಯ ಬಂದದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ. ನಮಗೆ ಹತ್ತಿರದ ಇನ್ನೊಂದು ಕವಲನ್ನು ಮಾತ್ರ ಹೇಳಬೇಕು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಾಗಸ್ವರವನ್ನೂ ಕಲಿತವರು, ಬೆಂಗಳೂರಿನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಡನೆ 1983ರಲ್ಲಿ ‘ಜ್ಯೋತಿ’ ಮುದ್ರಿಸಿದರು. 2008ರಲ್ಲಿ ಅಮೆರಿಕದ ರುದ್ರೇಶ್ ಮಹಾಂತಪ್ಪ ‘ಕಿನ್ಸ್‌ಮೆನ್’ ಮುದ್ರಿಕೆಯಲ್ಲಿ ಮಂಗಳೂರಿನ ಕದ್ರಿ ಗೋಪಾಲನಾಥರ ಜೊತೆ ನುಡಿಸಿದರು. ಇಬ್ಬರದೂ ಆಲ್ಟೋ ಸ್ಯಾಕ್ಸೊಫೋನ್. ಗೋಪಾಲನಾಥರ ಮನೋಧರ್ಮಕ್ಕೆ ರಾಗವೇ ಮನೆ, ಮಹಾಂತಪ್ಪ ಪಾರ್ಕರ್ ನಂತರದ ಜಾಝ್‌ನಲ್ಲಿ ಬೆಳೆದವರು. ಒಪ್ಪಿಕೊಳ್ಳಬೇಕಾದ ನೆಲೆ ಯಾವುದು ಎಂಬ ಹಳೆಯ ಸಮಸ್ಯೆಯನ್ನು ಅವರು ಪ್ರತಿ ಕೃತಿಯಲ್ಲೂ ಹೊಸದಾಗಿ ಎದುರಿಸುತ್ತಾರೆ. ಮೇಲೆ ಹೇಳಿದ ಎರಡು ತುದಿಗಳು ದೂರವೆನಿಸುವ ಕನ್ನಡದ ಕೇಳುಗರಿಗೆ ನಾನು ಮೊದಲು ಕೇಳಿರೆಂದು ಹೇಳುವುದು ಈ ಮುದ್ರಿಕೆಯನ್ನೇ, ಅದಾದ ಮೇಲೆ ‘ಸೋ ವಾಟ್’.