ಕೌದಿಯ ಮೇಲೆ ಇಬ್ಬರು

ಅವಳಿಗಳು ಹುಟ್ಟಿ 40 ದಿನಗಳಾದವು. ಕಲಬುರಗಿಯ ತವರಿನಲ್ಲಿ ಇಂದು ಮೊದಲ ಬಾರಿಗೆ ಹಲ್ಲು ಕಚ್ಚದೆ ಇಬ್ಬರಿಗೂ ಹಾಲೂಡಿಸಿದೆ. ಮಗಳು ತೊಟ್ಟಿನ ತುದಿಯನ್ನಷ್ಟೇ ಹಿಡಿದು ಚೀಪುತ್ತಿದ್ದುದರಿಂದ ಅದು ಬಿರಿದು ರಕ್ತ ಜಿನುಗುತ್ತಿತ್ತು, ಮಗ ಹಸಿವಿನಿಂದ ಅಳುತ್ತಿದ್ದ, ನನಗೆ ಹಾಲೇ ಸಾಲದೆಂದು ನೆರೆಯವರು ತೀರ್ಮಾನಿಸಿಬಿಟ್ಟಿದ್ದರು.

ತೊಂದರೆಯಿರುವುದು ಹಿಡಿತದಲ್ಲಿ ಎಂದು ತೋರಿಸಿಕೊಟ್ಟವರು ಮನೆಗೆ ಬಂದ ಆಶಾ ಕಾರ್ಯಕರ್ತೆ. ಮಗು ಬಾಯನ್ನು ಅಗಲವಾಗಿ ತೆರೆಯುವವರೆಗೆ ಕಾದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ, ಗದ್ದ ಎದೆಗೆ ತಾಗಿ ಕೆಳತುಟಿ ಹೊರಕ್ಕೆ ಮಡಚಿಕೊಳ್ಳುವಂತೆ ಹತ್ತಿರ ತರಬೇಕು. ನೋವಾದರೆ ಎಳೆಯಬಾರದು, ಬಾಯಿಯ ಅಂಚಿನಲ್ಲಿ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಬೇಕು. ಬಿರಿದಲ್ಲಿ ನನ್ನ ಹಾಲಿನ ಹನಿಯನ್ನೇ ಸವರಿ ಒಣಗಲು ಬಿಟ್ಟೆ.

ಹೆಣ್ಣಿಗೆ ಇದು ತಾನಾಗಿಯೇ ಬರುತ್ತದೆ ಎಂಬ ಮಾತನ್ನು ನಂಬಿ, ಕೇಳಲು ನಾಚಿ, ನೋವುಂಡ ಬಾಣಂತಿಯರು ನಮ್ಮ ಓಣಿಯಲ್ಲೇ ಎಷ್ಟಿದ್ದಾರೋ ಎಂದು ರಾತ್ರಿಯೆಲ್ಲ ಯೋಚಿಸಿದೆ. ಇಬ್ಬರಿಗೂ ಒಟ್ಟಿಗೆ ಊಡಿಸುವಾಗ ಅವ್ವ ಮಡಚಿದ ಕೌದಿಗಳನ್ನು ನನ್ನ ಎರಡೂ ಪಕ್ಕ ಇಡುತ್ತಾಳೆ. ಪುಟ್ಟ ಕಾಲುಗಳು ಕಂಕುಳಡಿಯಿಂದ ಬೆನ್ನಿನತ್ತ ಚಾಚಿರುತ್ತವೆ, ಮಗಳ ಕೈ ಮಗನ ತಲೆಯ ಮೇಲಿರುತ್ತದೆ.